ಹಳೆಯ ಮೋಟರಿಗೆ ಕಚ್ಚಿಕೊಂಡ ಪುಲ್ಲಿಯನ್ನು ಬಿಡಿಸುವುದು ಹೇಗೆ?

ಓದುಗರ ಪ್ರಶ್ನೆ: ನನ್ನ ಹತ್ತಿರ ಮರ ಹೆರೆಯುವ ಹಳೆಯ ಪ್ಲೇನರ್ ಇದೆ. ಕೆಲವು ವರ್ಷ ಓಡಿಸದೆ ಮೂಲೆಯಲ್ಲಿ ಬಿಟ್ಟಿದ್ದೆ. ಈಗ ಮೋಟರ್ ಓಡುತ್ತದೆ, ಆದರೆ ಬೇರಿಂಗ್ ಗರಗರ ಅನ್ನುತ್ತಿದೆ. ಬೇರಿಂಗ್ ಬದಲಿಸಲು ಮೊದಲು ಪುಲ್ಲಿ ತೆಗೆಯಬೇಕು. ಅದು ಕೂದಲೆಳೆಯಷ್ಟೂ ಅಲುಗುತ್ತಿಲ್ಲ. ಸಿಂಗಲ್ ಫೇಸ್ ಮೋಟರ್, ಶಾಫ್ಟ್ 24 ಮಿ.ಮೀ., ಪುಲ್ಲಿ ಬೀಡುಕಬ್ಬಿಣದ್ದು, ಸುಮಾರು 150 ಮಿ.ಮೀ. ವ್ಯಾಸ. ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂ ಬಿಚ್ಚಿದೆ. ಎರಡು ದಿನ ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ಎರಡು ಕಾಲಿನ ಪುಲ್ಲರ್ (ಹಿಡಿದು ಎಳೆಯುವ ಸಾಧನ) ಹಾಕಿ ಬಿಗಿಸಿದಾಗ ಪುಲ್ಲಿಯ ಅಂಚಿನಿಂದ ಒಂದು ಚೂರು ಮುರಿದು ಬಿತ್ತು. ಒಬ್ಬರು ಕೆಂಪಗಾಗುವಂತೆ ಕಾಯಿಸಿ ಅನ್ನುತ್ತಾರೆ. ಇನ್ನೊಬ್ಬರು ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಜೋರಾಗಿ ಹೊಡೆಯಿರಿ ಅನ್ನುತ್ತಾರೆ. ಹಳೆಯ ಮೆಷಿನ್‌ಗಳಲ್ಲಿ ಪುಲ್ಲಿಗೆ ಉಲ್ಟಾ ಥ್ರೆಡ್ ಇರುತ್ತದೆ, ತಿರುಗಿಸಿ ಬಿಚ್ಚಬೇಕು ಅಂತ ಮತ್ತೊಬ್ಬರು. ಮೋಟರ್ ಹಾಳಾಗದ ಹಾಗೆ ಇದನ್ನು ತೆಗೆಯುವ ದಾರಿ ಯಾವುದು?

ಉತ್ತರ: ನಿಮಗೆ ಎರಡು ಚಿಂತೆ ಇದೆ. ಪುಲ್ಲಿ ಬರುತ್ತಿಲ್ಲ ಅನ್ನುವುದು ಒಂದು. ಇನ್ನೂ ಬಲ ಹಾಕಿದರೆ ಮೋಟರೇ ಹೋದೀತು ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಅದು ಸ್ಪಷ್ಟವಾದರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ.

ಇಂಥ ಕೆಲಸ ನನ್ನ ಬೆಂಚಿಗೆ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದರಲ್ಲಿ ಉಳಿಯಬೇಕಾದದ್ದು ಯಾವುದು? ನಿಮ್ಮ ಬೇರಿಂಗ್ ಹೇಗೂ ಬದಲಾಗಲಿದೆ. ಪುಲ್ಲಿಯ ಅಂಚು ಮುರಿದಿದೆ. ಮೋಟರ್ ನಿಮಿಷಕ್ಕೆ 1440 ಸುತ್ತು ತಿರುಗಿದರೆ 150 ಮಿ.ಮೀ. ಪುಲ್ಲಿಯ ಅಂಚು ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಮುರಿದ ಅಂಚು ಬೆಲ್ಟನ್ನು ಕೊಯ್ಯುತ್ತದೆ. ಒಂದು ಕಡೆ ತೂಕ ಕಮ್ಮಿಯಾಗಿ ಅದುರುತ್ತದೆ, ಆ ಅದುರು ಹೊಸ ಬೇರಿಂಗನ್ನೂ ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಚೂರು ಹೋದ ಬೀಡುಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಬಿರುಕು ಒಳಗೆ ಓಡಿರಬಹುದು. ಹಾಗಾಗಿ ಆ ಪುಲ್ಲಿಯನ್ನು ಮತ್ತೆ ಓಡಿಸಬಾರದು. ಇದರಲ್ಲಿ ನನಗೆ ಅನುಮಾನವಿಲ್ಲ.

ಅಂದರೆ ಉಳಿಸಬೇಕಾದದ್ದು ಮೂರೇ ಮೂರು: ಶಾಫ್ಟ್, ಎರಡು ಎಂಡ್ ಕವರ್ (ಮೋಟರಿನ ಎರಡು ತುದಿಯ ಮುಚ್ಚಳ), ಮತ್ತು ವೈಂಡಿಂಗ್ (ಒಳಗಿನ ತಂತಿ ಸುತ್ತು). ಇಲ್ಲಿಯವರೆಗೆ ನೀವು ಪುಲ್ಲಿಯನ್ನು ಕಾಪಾಡುತ್ತಾ ಶಾಫ್ಟಿನ ಮೇಲೆ ಬಲ ಹಾಕಿದ್ದೀರಿ. ಇನ್ನು ಮೇಲೆ ಶಾಫ್ಟನ್ನು ಕಾಪಾಡುತ್ತಾ ಪುಲ್ಲಿಯ ಮೇಲೆ ಬಲ ಹಾಕಿ.

ನಿಜಕ್ಕೂ ಕಚ್ಚಿಕೊಂಡಿದೆಯಾ?

ಬರದ ಪುಲ್ಲಿಗಳಲ್ಲಿ ಎಷ್ಟೋ ತುಕ್ಕಿನಿಂದ ನಿಂತಿರುವುದಿಲ್ಲ. ನಮ್ಮ ಕಣ್ಣಿಗೆ ಬೀಳದ ಯಾವುದೋ ಒಂದು ಅದನ್ನು ಹಿಡಿದಿರುತ್ತದೆ. ಆದ್ದರಿಂದ ಮುಂದಿನ ಹೆಜ್ಜೆಗೆ ಮೊದಲು ಒಂದು ವೈರ್ ಬ್ರಷ್, ಸ್ವಲ್ಪ ಸೀಮೆಎಣ್ಣೆ, ಒಂದು ಟಾರ್ಚ್ ಹಿಡಿದು ಪುಲ್ಲಿಯ ಮಧ್ಯದ ಗುಬ್ಬಿಯನ್ನು, ಅಂದರೆ ಹಬ್ ಭಾಗವನ್ನು, ಸುತ್ತಲೂ ಚೆನ್ನಾಗಿ ಉಜ್ಜಿ ನೋಡಿ.

ನೀವು ಒಂದು ಗ್ರಬ್ ಸ್ಕ್ರೂ ತೆಗೆದಿದ್ದೀರಿ. ಎರಡನೆಯದು ಇದೆಯಾ? ಎಷ್ಟೋ ಪುಲ್ಲಿಗಳಲ್ಲಿ ಒಂದು ಸ್ಕ್ರೂ ಕೀ (ಪುಲ್ಲಿ ಶಾಫ್ಟಿನ ಮೇಲೆ ಜಾರಿ ತಿರುಗದಂತೆ ಎರಡರ ನಡುವೆ ಕೂರಿಸಿದ ಉಕ್ಕಿನ ತುಂಡು) ಮೇಲೆ ಕೂತಿರುತ್ತದೆ, ಇನ್ನೊಂದು ಅದರಿಂದ ಕಾಲು ಸುತ್ತು ಆಚೆ ನೇರವಾಗಿ ಶಾಫ್ಟ್ ಮೇಲೆ. ಮರದ ಹೊಟ್ಟು, ಗ್ರೀಸ್, ಹಳೆಯ ಬಣ್ಣ ಸೇರಿ ಎರಡನೆಯ ತೂತು ಪೂರ್ತಿ ಮುಚ್ಚಿಹೋಗಿರುತ್ತದೆ. ಇನ್ನೂ ಒಂದು ಸಂಗತಿ: ತೆಗೆದ ಸ್ಕ್ರೂವಿನ ಕೆಳಗೆ ಇನ್ನೊಂದು ಸ್ಕ್ರೂ ಇರಬಹುದು. ಮೊದಲನೆಯದು ಸಡಿಲವಾಗದಿರಲಿ ಅಂತ ಮೇಲಿನಿಂದ ಎರಡನೆಯದನ್ನು ಲಾಕ್ ಮಾಡುವುದು ಹಳೆಯ ಪದ್ಧತಿ. ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಆರು ಮೂಲೆಯ ಕುಳಿಯೋ ಸೀಳಿದ ಗೀರೋ ಕಂಡರೆ ಅದೂ ಸ್ಕ್ರೂವೇ.

ಅದನ್ನು ಬಿಚ್ಚುವಾಗ ಅಲೆನ್ ಕೀ (ಸ್ಕ್ರೂ ತಿರುಗಿಸುವ ಆರು ಮೂಲೆಯ ಸರಳು) ಬಿಗಿಯಾಗಿ ಕೂರಬೇಕು. ನಿಮ್ಮ ಶಾಫ್ಟ್ 24 ಮಿ.ಮೀ. ಇರುವುದರಿಂದ ಮೋಟರ್ ಮೆಟ್ರಿಕ್ ಅಳತೆಯದು. ಆದರೆ ಪುಲ್ಲಿಯ ಸ್ಕ್ರೂ ಇಂಚಿನದ್ದಾಗಿರಬಹುದು. ಕಾಲು ಇಂಚಿನ ಗ್ರಬ್ ಸ್ಕ್ರೂವಿಗೆ 1/8 ಇಂಚಿನ ಕೀ ಬೇಕು, ಅದು 3.175 ಮಿ.ಮೀ. ಅಲ್ಲಿ 3 ಮಿ.ಮೀ. ಕೀ ಹಾಕಿದರೆ ಕೂತ ಹಾಗೆ ಅನ್ನಿಸುತ್ತದೆ, ಬಲ ಹಾಕಿದ ಕೂಡಲೇ ಮೂಲೆಗಳನ್ನು ಸವೆಸಿ ಸುತ್ತುತ್ತದೆ. ಕೀ ಸ್ವಲ್ಪ ಅಲ್ಲಾಡಿದರೂ ಬಲ ಹಾಕಬೇಡಿ, ಇಂಚಿನ ಸೆಟ್ ತಂದು ನೋಡಿ.

ಆಮೇಲೆ ಶಾಫ್ಟಿನ ತುದಿ ನೋಡಿ. ಅಲ್ಲಿ ಒಂದು ಬೋಲ್ಟ್ ಮತ್ತು ವಾಷರ್, ಅಥವಾ ಒಂದು ಸರ್ಕ್ಲಿಪ್ (ಸ್ಪ್ರಿಂಗಿನಂಥ ಉಂಗುರ) ಪುಲ್ಲಿಯನ್ನು ತಡೆದಿರಬಹುದು. ಪುಲ್ಲಿಯ ಮುಖದಲ್ಲಿ, ಶಾಫ್ಟಿನ ಸುತ್ತ, ಬೇರೆಯೇ ಒಂದು ಉಂಗುರ ಕೂರಿಸಿದ ಹಾಗೆ ಗೆರೆ ಕಂಡು, ಆ ಉಂಗುರದಲ್ಲಿ ಒಂದು ಸೀಳು ಇದ್ದರೆ ಅದು ಟೇಪರ್ ಬುಷ್. ಆ ಗೆರೆಯ ಮೇಲೆ ಅರ್ಧ ಪುಲ್ಲಿಯಲ್ಲಿ, ಅರ್ಧ ಬುಷ್‌ನಲ್ಲಿ ಇರುವ ತೂತುಗಳು ಕಾಣುತ್ತವೆ. ಬಿಗಿದ ಎರಡೂ ಸ್ಕ್ರೂ ಬಿಚ್ಚಿ, ಅದರಲ್ಲಿ ಒಂದನ್ನು ಖಾಲಿ ಇರುವ ಮೂರನೆಯ ತೂತಿಗೆ ಹಾಕಿ ಬಿಗಿಸಿದರೆ ಬುಷ್ ತಾನಾಗಿ ಹೊರಗೆ ತಳ್ಳಿಕೊಳ್ಳುತ್ತದೆ. ಇದಕ್ಕೆ ಪುಲ್ಲರ್ ಹಾಕಿದರೆ ಪುಲ್ಲಿ ಒಡೆಯುತ್ತದೆ, ಬಿಡುವುದಿಲ್ಲ. ಬಹಳ ಹಳೆಯ ಮೆಷಿನ್‌ಗಳಲ್ಲಿ ತಲೆ ಇರುವ ಕೀ ಕೂಡ ಸಿಗುತ್ತದೆ. ಕೀ ತುದಿಯಲ್ಲಿ ಒಂದು ಗಂಟು ಹೊರಗೆ ಕಾಣುತ್ತದೆ. ಅದು ಬೆಣೆಯ ಹಾಗೆ ಓರೆಯಾಗಿ ಬಡಿದು ಕೂರಿಸಿದ್ದು. ಅದರಲ್ಲಿ ಪುಲ್ಲಿಯನ್ನು ಎಳೆಯಬಾರದು, ತಲೆಯ ಹಿಂದೆ ಬೆಣೆ ಕೊಟ್ಟು ಮೊದಲು ಕೀಯನ್ನೇ ತೆಗೆಯಬೇಕು.

ಉಲ್ಟಾ ಥ್ರೆಡ್ಡಿನ ಮಾತು ಇಲ್ಲಿಗೆ ಮುಗಿಯುತ್ತದೆ. ಪುಲ್ಲಿಗೂ ಶಾಫ್ಟಿಗೂ ನಡುವೆ ಕೀ ಇದ್ದರೆ ಅದು ತಿರುಗಿಸಿ ಬಿಚ್ಚುವ ಪುಲ್ಲಿ ಆಗಿರಲು ಸಾಧ್ಯವೇ ಇಲ್ಲ. ಕೀ ಇರುವುದೇ ಅದು ತಿರುಗದಿರಲಿ ಅಂತ, ಅಲ್ವಾ? ಬೆಂಚ್ ಗ್ರೈಂಡರ್‌ನ ಎಡಗಡೆಯ ಕಲ್ಲಿನ ನಟ್ಟಿಗೆ, ಕೆಲವು ಸರ್ಕ್ಯುಲರ್ ಸಾ ಬ್ಲೇಡಿನ ನಟ್ಟಿಗೆ ಉಲ್ಟಾ ಥ್ರೆಡ್ ಇರುವುದು ನಿಜ. ನಿಮಗೆ ಹೇಳಿದವರು ಅದನ್ನು ನೋಡಿ ಹೇಳಿರಬೇಕು. ಪೈಪ್ ರೆಂಚ್ ಹಾಕಿ ಪುಲ್ಲಿಯನ್ನು ತಿರುಚಿದರೆ ಕೀ ಜಾಗವೇ ಅಗಲವಾಗುತ್ತದೆ. ಆಗ ಹಾಳಾಗುವುದು ನಾವು ಉಳಿಸಬೇಕಾದ ಶಾಫ್ಟ್.

ಹಿಡಿದಿರುವುದು ಏನು?

ಇದೆಲ್ಲ ನೋಡಿದ ಮೇಲೂ ಏನೂ ಸಿಗದಿದ್ದರೆ ಅದು ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಪುಲ್ಲಿಗೂ ಶಾಫ್ಟಿಗೂ ನಡುವಿನ ಸಂದು ಮಿ.ಮೀ.ನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಅಲ್ಲಿ ಹಿಗ್ಗಲು ಜಾಗ ಎಲ್ಲಿದೆ? ಎರಡೂ ಕಡೆ ಒತ್ತಿ ಕೂತುಬಿಡುತ್ತದೆ. ಮರಗೆಲಸದ ಮೆಷಿನ್‌ಗೆ ಇದು ಬೇಗ ಬರುತ್ತದೆ. ಮರದ ಹೊಟ್ಟು ಗಾಳಿಯ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಕೆಲವು ಮರಗಳ ಹೊಟ್ಟಿನಲ್ಲಿ ಒಗರು ಹುಳಿ ಇರುತ್ತದೆ, ಅದು ಕಬ್ಬಿಣವನ್ನು ಇನ್ನಷ್ಟು ಬೇಗ ತಿನ್ನುತ್ತದೆ. ಓಡದೆ ನಿಂತ ಮೆಷಿನ್‌ನಲ್ಲಿ ಆ ಒದ್ದೆ ಹೊಟ್ಟು ಪುಲ್ಲಿಯ ಹಿಂದೆ ವರ್ಷಗಟ್ಟಲೆ ಅಂಟಿಕೊಂಡೇ ಇರುತ್ತದೆ.

ಇನ್ನೊಂದು ಬಗೆಯ ತುಕ್ಕೂ ಇದೆ. ಪುಲ್ಲಿ ಒಂಚೂರು ಸಡಿಲವಾಗಿದ್ದು ಓಡಿದರೆ ಎರಡು ಲೋಹ ಸಣ್ಣಗೆ ಉಜ್ಜಿಕೊಳ್ಳುತ್ತವೆ. ಉಜ್ಜಿ ಉದುರಿದ ಪುಡಿ ಅಲ್ಲೇ ತುಕ್ಕಾಗುತ್ತದೆ. ಹಬ್ ಬುಡದಲ್ಲಿ ಕೆಂಪು ಕಂದು ಬಣ್ಣದ ನುಣುಪು ಪುಡಿ ಕಂಡರೆ ಇದೇ ಆಗಿದೆ ಅಂತ ತಿಳಿಯಿರಿ. ಆಗ ಪುಲ್ಲಿ ಬಂದ ಮೇಲೆ ಶಾಫ್ಟ್ ಸವೆದಿದೆಯಾ ಅಂತ ಅಳೆದು ನೋಡಲೇಬೇಕು.

ಮೂರನೆಯದು ಗ್ರಬ್ ಸ್ಕ್ರೂ ಮಾಡಿದ ಗಾಯ. ಸ್ಕ್ರೂ ಶಾಫ್ಟನ್ನು ಒತ್ತಿದ ಕಡೆ ಒಂದು ಗುಳಿ ಬಿದ್ದು, ಗುಳಿಯ ಸುತ್ತ ಲೋಹ ಉಬ್ಬಿ ನಿಂತಿರುತ್ತದೆ. ಸ್ಕ್ರೂ ತೆಗೆದರೂ ಆ ಉಬ್ಬು ಹೋಗುವುದಿಲ್ಲ. ಪುಲ್ಲಿ ಅದನ್ನು ದಾಟಿ ಬರಬೇಕು. ಕೆಲವು ಪುಲ್ಲಿಗಳು ಎರಡು ಮೂರು ಮಿ.ಮೀ. ಸರಾಗವಾಗಿ ಬಂದು ಮತ್ತೆ ಗಟ್ಟಿಯಾಗಿ ನಿಲ್ಲಲು ಕಾರಣ ಇದೇ. ಆಗ ಸಿಟ್ಟಿನಿಂದ ಎಳೆಯಬೇಡಿ. ವಾಪಸ್ ಒಳಗೆ ಸರಿಸಿ, ಹೊರಗೆ ಕಾಣುವ ಶಾಫ್ಟನ್ನು ಎಮರಿ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಎಣ್ಣೆ ಹಾಕಿ, ಮತ್ತೆ ಎಳೆಯಿರಿ. ಹೀಗೆ ಹಿಂದೆ ಮುಂದೆ ಮಾಡುತ್ತಾ ತಂದರೆ ಗೀರು ಬೀಳುವುದಿಲ್ಲ.

ಸುತ್ತಿಗೆ, ಸ್ಪ್ರೇ, ಬೆಂಕಿ

ಶಾಫ್ಟಿನ ತುದಿಗೆ ಸುತ್ತಿಗೆ ಹೊಡೆಯಬೇಡಿ. ಬೇರಿಂಗ್ ಹೇಗೂ ಹೋಗುತ್ತದಲ್ಲ ಅಂತ ನೀವು ಕೇಳಬಹುದು. ಬೇರಿಂಗ್ ಚೆನ್ನಾಗಿದ್ದವರಿಗೆ ಅದೇ ಮೊದಲ ನಷ್ಟ: ಗುಂಡುಗಳು ಓಡುವ ದಾರಿಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದು ಆಮೇಲೆ ಜನ್ಮವಿಡೀ ಗುಯ್‌ಗುಡುತ್ತದೆ. ನಿಮ್ಮ ವಿಷಯದಲ್ಲಿ ಬೇರೆ ಅಪಾಯಗಳಿವೆ. ಹೊಡೆತಕ್ಕೆ ಶಾಫ್ಟಿನ ತುದಿ ಅಣಬೆಯ ಹಾಗೆ ಅರಳುತ್ತದೆ, ಆಮೇಲೆ ಆ ಪುಲ್ಲಿ ಅಲ್ಲಿಂದ ಹೊರಗೆ ಬರುವ ಮಾತೇ ಇಲ್ಲ. ಪೆಟ್ಟಿನ ಬಲ ಬೇರಿಂಗ್ ಮೂಲಕ ಎಂಡ್ ಕವರಿಗೆ ಹೋಗುತ್ತದೆ. ಅದು ಅಲ್ಯೂಮಿನಿಯಂ ಅಥವಾ ಬೀಡಿನದು, ಬಿರುಕು ಬಿಡುತ್ತದೆ. ಪುಲ್ಲಿಯ ಹಿಂದೆ ಎರಡು ಸ್ಕ್ರೂಡ್ರೈವರ್ ಅಥವಾ ಹಾರೆ ತೂರಿಸಿ ಎಂಡ್ ಕವರಿಗೆ ಆನಿಸಿ ಮೀಟುವುದೂ ಇದೇ ಸಾಲಿನದು. ಹಳೆಯ ಮೋಟರಿಗೆ ಅಳತೆ ಹೊಂದುವ ಎಂಡ್ ಕವರ್ ಹುಡುಕುವುದು ಪುಲ್ಲಿ ಹುಡುಕುವುದಕ್ಕಿಂತ ಎಷ್ಟೋ ಕಷ್ಟ.

ಸ್ಪ್ರೇ ಬಗ್ಗೆ ಒಂದು ಮಾತು. ಡಬ್ಲ್ಯೂಡಿ-40 ಹೆಸರು ಎಲ್ಲರಿಗೂ ಗೊತ್ತು. 1953ರಲ್ಲಿ ಅದನ್ನು ತಯಾರಿಸಿದ್ದು ಲೋಹದ ಮೇಲಿಂದ ನೀರನ್ನು ಓಡಿಸಿ ತುಕ್ಕು ತಡೆಯಲು. ಕಚ್ಚಿಕೊಂಡ ಜೋಡಣೆಗೆ ಇಳಿಯಲು ಪೆನೆಟ್ರೇಟಿಂಗ್ ಆಯಿಲ್ ಅಂತಲೇ ಸಿಗುವ ತೆಳು ಎಣ್ಣೆ ಮೇಲು. ಯಾವುದೇ ಎಣ್ಣೆಯಾದರೂ ಎರಡು ದಿನ ಹೆಚ್ಚೇನಲ್ಲ. ತುಕ್ಕು ತುಂಬಿದ ಸಂದಿನಲ್ಲಿ ಎಣ್ಣೆ ಬಹಳ ನಿಧಾನವಾಗಿ ಇಳಿಯುತ್ತದೆ. ಎಣ್ಣೆ ಹೊರಗಿನಿಂದ ಹೊಡೆಯುವುದಕ್ಕಿಂತ ಗ್ರಬ್ ಸ್ಕ್ರೂ ತೂತಿನಿಂದ ಒಳಗೆ ಬಿಡುವುದು ಒಳ್ಳೆಯದು. ಆ ತೂತು ನೇರವಾಗಿ ಶಾಫ್ಟಿಗೇ ಹೋಗುತ್ತದೆ. ಮೋಟರನ್ನು ಶಾಫ್ಟ್ ಮೇಲೆ ಬರುವಂತೆ ನೆಟ್ಟಗೆ ನಿಲ್ಲಿಸಿ, ಹಬ್ ಬುಡಕ್ಕೆ ಬಟ್ಟೆ ಸುತ್ತಿ, ದಿನಕ್ಕೆರಡು ಸಲ ಒಂದೆರಡು ಹನಿ ಬಿಡಿ. ಸುರಿಯಬೇಡಿ. ಜಾಸ್ತಿಯಾದ ಎಣ್ಣೆ ಮುಂದಿನ ಬೇರಿಂಗ್ ದಾಟಿ ವೈಂಡಿಂಗಿಗೆ ಇಳಿಯುತ್ತದೆ.

ಇನ್ನು ಬೆಂಕಿ. ಕಾಯಿಸುವುದು ತಪ್ಪಲ್ಲ. ಕೆಂಪಗಾಗುವಂತೆ ಕಾಯಿಸುವುದು ತಪ್ಪು. ಲೆಕ್ಕ ನೋಡಿ: 24 ಮಿ.ಮೀ. ತೂತಿನ ಬೀಡುಕಬ್ಬಿಣ ಶಾಫ್ಟಿಗಿಂತ 100 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿಯಾದರೆ ತೂತು ಸುಮಾರು 0.025 ಮಿ.ಮೀ. ಹಿಗ್ಗುತ್ತದೆ. ಕೇಳಲು ಕಮ್ಮಿ ಅನ್ನಿಸಬಹುದು, ಆದರೆ ತುಕ್ಕಿನ ಹಿಡಿತ ಬಿರಿಯಲು ಅಷ್ಟು ಸಾಕು. ಇಲ್ಲಿ ಮುಖ್ಯ ಮಾತು ‘ಶಾಫ್ಟಿಗಿಂತ’ ಅನ್ನುವುದು. ಉಕ್ಕು ಬೀಡಿಗಿಂತ ಒಂಚೂರು ಜಾಸ್ತಿಯೇ ಹಿಗ್ಗುತ್ತದೆ. ನಿಧಾನವಾಗಿ, ಬಹಳ ಹೊತ್ತು ಕಾಯಿಸಿದರೆ ಶಾಫ್ಟೂ ಅಷ್ಟೇ ಬಿಸಿಯಾಗಿ ಪುಲ್ಲಿ ಮೊದಲಿಗಿಂತ ಬಿಗಿಯಾಗುತ್ತದೆ. ‘ಎಷ್ಟು ಕಾಯಿಸಿದರೂ ಬರಲಿಲ್ಲ’ ಅನ್ನುವವರಲ್ಲಿ ಬಹಳ ಮಂದಿ ಹೀಗೇ ಮಾಡಿರುತ್ತಾರೆ. ಹಬ್ಬನ್ನು ಮಾತ್ರ, ಸುತ್ತಲೂ ಸಮವಾಗಿ, ಬೇಗ ಕಾಯಿಸಬೇಕು. ಕಾಯಿಸುವ ಮೊದಲೇ ಪುಲ್ಲರ್ ಬಿಗಿದು ಸಿದ್ಧವಾಗಿರಬೇಕು.

ಮೋಟರ್ ಜೋಡಿಸಿದ ಹಾಗೇ ಇದ್ದರೆ ಬಿಸಿ ಶಾಫ್ಟ್ ಮೂಲಕ ಒಳಗೆ ಓಡುತ್ತದೆ. ಸಾಮಾನ್ಯ ಬೇರಿಂಗಿನ ಉಕ್ಕು ಸುಮಾರು 120 ಡಿಗ್ರಿ ತಡೆಯುತ್ತದೆ, ಅದರ ರಬ್ಬರ್ ಸೀಲ್ ಸುಮಾರು 100. ಹಳೆಯ ಮೋಟರಿನ ವೈಂಡಿಂಗಿನ ಹೊದಿಕೆ (ಇನ್ಸುಲೇಷನ್) ಎ ಕ್ಲಾಸಿನದಾದರೆ ಅದರ ಮಿತಿ 105 ಡಿಗ್ರಿ, ಬಿ ಕ್ಲಾಸಿಗೆ 130. ಕೆಂಪಗಾದ ಕಬ್ಬಿಣ ಅಂದರೆ 600 ಡಿಗ್ರಿಗಿಂತ ಮೇಲೆ. ಅಷ್ಟು ಬಿಸಿ ಪಕ್ಕದಲ್ಲಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಬಿಸಿ ಬೀಡಿಗೆ ನೀರು ಸುರಿಯಲೂ ಬೇಡಿ, ಅದು ಸಿಡಿಯುತ್ತದೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಬ್ರೇಕ್ ಕ್ಲೀನರ್‌ನಂಥ ಸ್ಪ್ರೇಗಳಲ್ಲಿ ಕೆಲವಕ್ಕೆ ಕ್ಲೋರಿನ್ ಸೇರಿರುತ್ತದೆ. ಅದು ಅಂಟಿದ ಲೋಹವನ್ನು ಕಾಯಿಸಿದರೆ ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಜೀವ ತೆಗೆಯುವಂಥದ್ದು. ಕಾಯಿಸುವ ಯೋಚನೆ ಇದ್ದರೆ ಅಂಥ ಸ್ಪ್ರೇ ಮುಟ್ಟಲೇಬೇಡಿ. ಪೆನೆಟ್ರೇಟಿಂಗ್ ಆಯಿಲ್ ಕೂಡ ಹತ್ತಿಕೊಳ್ಳುತ್ತದೆ, ಮೊದಲು ಒರೆಸಿ. ಮರದ ಹೊಟ್ಟು ಇರುವ ಜಾಗದಲ್ಲಿ ಬೆಂಕಿ ಹಚ್ಚಬೇಡಿ. ಹೊಟ್ಟಿನೊಳಗೆ ಬಿದ್ದ ಕಿಡಿ ಗಂಟೆಗಟ್ಟಲೆ ಒಳಗೊಳಗೇ ಉರಿದು, ನೀವು ಬಾಗಿಲು ಹಾಕಿಕೊಂಡು ಹೋದ ಮೇಲೆ ಹೊತ್ತಿಕೊಳ್ಳಬಹುದು.

ನಿಮ್ಮ ಮೋಟರಿಗೆ ನಾನು ಮಾಡುವ ಕೆಲಸ

ಬೇರಿಂಗ್ ಬದಲಿಸಲು ಮೋಟರ್ ಬಿಚ್ಚಲೇಬೇಕಲ್ಲ. ಹಾಗಾದರೆ ಪುಲ್ಲಿಗಾಗಿ ಕಾಯುವುದೇಕೆ? ಪುಲ್ಲಿ ಇರುವಂತೆಯೇ ಬಿಚ್ಚಿ. ಇದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ.

ಕರೆಂಟ್ ಪೂರ್ತಿ ತೆಗೆಯಿರಿ. ನಿಮ್ಮದು ಸಿಂಗಲ್ ಫೇಸ್ ಮೋಟರ್, ಸಾಮಾನ್ಯವಾಗಿ ಕೆಪಾಸಿಟರ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು. ಒಂದು ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರ್ ಇಟ್ಟು ಸೊನ್ನೆ ಬಂದಿದೆ ಅಂತ ನೋಡಿದ ಮೇಲಷ್ಟೇ ಕೈ ಹಾಕಿ. ಎರಡೂ ಎಂಡ್ ಕವರ್ ಮತ್ತು ಬಾಡಿಗೆ ಸೇರಿದ ಹಾಗೆ ಗುರುತು ಹಾಕಿಕೊಳ್ಳಿ, ಮುಂದಿನದಕ್ಕೆ ಒಂದು ಚುಕ್ಕೆ, ಹಿಂದಿನದಕ್ಕೆ ಎರಡು. ಫ್ಯಾನ್ ಕವರ್, ಫ್ಯಾನ್, ಆಮೇಲೆ ಹಿಂದಿನ ಕವರ್ ತೆಗೆಯಿರಿ. ಕೆಲವು ಮೋಟರ್‌ಗಳಲ್ಲಿ ಹಿಂದಿನ ಕವರಿನೊಳಗೆ ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತದೆ, ಅದರ ವೈರ್ ಎಳೆಯದ ಹಾಗೆ ನಿಧಾನವಾಗಿ. ಬೇರಿಂಗ್ ಕೂರುವ ಗೂಡಿನಲ್ಲಿ ಅಲೆಯಾಕಾರದ ತೆಳು ವಾಷರ್ ಇದ್ದರೆ ಜೋಪಾನ, ಅದು ವಾಪಸ್ ಅಲ್ಲೇ ಕೂರಬೇಕು. ಕೊನೆಗೆ ಮುಂದಿನ ಕವರಿನ ಬೋಲ್ಟ್ ಬಿಚ್ಚಿ ರೋಟರ್ (ಶಾಫ್ಟಿನ ಜೊತೆ ತಿರುಗುವ ಒಳಭಾಗ), ಮುಂದಿನ ಕವರ್, ಪುಲ್ಲಿ ಮೂರನ್ನೂ ಒಟ್ಟಿಗೆ ಎಳೆಯಿರಿ. ರೋಟರ್ ಭಾರ ಇರುತ್ತದೆ, ವೈಂಡಿಂಗಿಗೆ ಉಜ್ಜಬಾರದು.

ಈಗ ವೈಂಡಿಂಗ್ ದೂರ ಉಳಿಯಿತು. ಅರ್ಧ ಭಯ ಅಲ್ಲಿಗೇ ಕಳೆಯಿತು. ಉಳಿದದ್ದು ಶಾಫ್ಟ್ ಮತ್ತು ಮುಂದಿನ ಕವರ್.

ಇಲ್ಲಿ ನಿಮಗೆ ಎರಡು ದಾರಿ. ಪುಲ್ಲಿ ಹೋದರೂ ಚಿಂತೆಯಿಲ್ಲ ಅಂದರೆ ಕತ್ತರಿಸುವುದು. ನಾನು ನಿಮಗೆ ಹೇಳುವುದು ಇದನ್ನೇ. ಕತ್ತರಿಸುವ ಮೊದಲು ಪುಲ್ಲಿಯ ಹೊರ ವ್ಯಾಸ, ಬೆಲ್ಟಿನ ಅಗಲ, ಶಾಫ್ಟಿನ ತುದಿಯಿಂದ ಪುಲ್ಲಿಯ ಮುಖಕ್ಕಿರುವ ದೂರ ಬರೆದಿಟ್ಟುಕೊಳ್ಳಿ. ಆಮೇಲೆ ನೆನಪು ಸಾಲುವುದಿಲ್ಲ.

ಕತ್ತರಿಸುವ ಜಾಗ ಎಲ್ಲಿ ಅನ್ನುವುದೇ ಈ ಕೆಲಸದ ಗುಟ್ಟು. ಕೀ ಇರುವ ಕಡೆ, ಅದರ ನೇರ ಮೇಲೆ. 24 ಮಿ.ಮೀ. ಶಾಫ್ಟಿನ ಸಾಮಾನ್ಯ ಕೀ 8 ಮಿ.ಮೀ. ಅಗಲ, 7 ಮಿ.ಮೀ. ಎತ್ತರ. ಅದರಲ್ಲಿ 4 ಮಿ.ಮೀ. ಶಾಫ್ಟಿನೊಳಗೆ ಕೂತಿರುತ್ತದೆ, 3 ಮಿ.ಮೀ. ಮೇಲೆ ಎದ್ದು ಪುಲ್ಲಿಯೊಳಗೆ ಇರುತ್ತದೆ. ಹಾಗಾಗಿ ಅಲ್ಲಿ ಹಬ್ಬಿನ ಗೋಡೆ ಎಲ್ಲ ಕಡೆಗಿಂತ ತೆಳು. ಬ್ಲೇಡ್ ಆಳಕ್ಕೆ ಇಳಿದರೂ ಮೊದಲು ತಗಲುವುದು ಕೀ, ಶಾಫ್ಟ್ ಅಲ್ಲ. ಕೀ ಬೇರೆ ಹಾಕಬಹುದು. ಗ್ರಬ್ ಸ್ಕ್ರೂ ತೂತು ಕೀ ಮೇಲೆ ಇದ್ದರೆ ಗೆರೆ ಅದರ ಮೂಲಕವೇ ಹೋಗಲಿ.

ಗ್ರೈಂಡರಿಗೆ 1 ಮಿ.ಮೀ. ಕಟ್ಟಿಂಗ್ ಡಿಸ್ಕ್ ಹಾಕಿ ಅದೇ ಗೆರೆಯಲ್ಲಿ ಮೊದಲು ಪುಲ್ಲಿಯ ಅಂಚು, ಆಮೇಲೆ ನಡುವಿನ ತಟ್ಟೆ, ಕೊನೆಗೆ ಹಬ್ ಸೀಳಿ. ಬೇರಿಂಗ್ ಮತ್ತು ಕವರನ್ನು ಒದ್ದೆ ಬಟ್ಟೆಯಿಂದ ಮುಚ್ಚಿ. ಗ್ರೈಂಡರಿನ ಗಾರ್ಡ್ ತೆಗೆಯಬೇಡಿ. ಕನ್ನಡಕ ಮಾತ್ರ ಸಾಲದು, ಮುಖಕ್ಕೆ ಪೂರ್ತಿ ಶೀಲ್ಡ್ ಇರಲಿ. ಹಬ್ಬಿನ ಕೊನೆಯ ಒಂದೆರಡು ಮಿ.ಮೀ. ಬಿಟ್ಟು ಗ್ರೈಂಡರ್ ಕೆಳಗಿಡಿ. ಕೈಯಲ್ಲಿ ಹ್ಯಾಕ್ಸಾ ಬ್ಲೇಡ್ ಹಿಡಿದು ಅದನ್ನು ಮುಗಿಸಿ, ಅಥವಾ ಸೀಳಿಗೆ ಚಾಣ ಕೊಟ್ಟು ಒಂದು ಪೆಟ್ಟು ಹಾಕಿ. ಬೀಡು ಎಳೆತಕ್ಕೆ ಬಹಳ ಸೋಲುವ ಲೋಹ. ಒತ್ತಿದರೆ ತಡೆಯುವ ಬಲದ ಮೂರನೇ ಒಂದು ಅಥವಾ ನಾಲ್ಕನೇ ಒಂದು ಪಾಲನ್ನು ಮಾತ್ರ ಎಳೆದಾಗ ತಡೆಯುತ್ತದೆ. ನಿಮ್ಮ ಪುಲ್ಲಿಯ ಅಂಚನ್ನು ಮುರಿದದ್ದೂ ಇದೇ ಗುಣ. ಈಗ ಅದು ನಿಮಗೆ ಅನುಕೂಲಕ್ಕೆ ಬರುತ್ತದೆ: ಚಾಣ ಸೀಳನ್ನು ಅಗಲಿಸಿದ ಕೂಡಲೇ ಹಬ್ ಟಕ್ ಅಂತ ಬಿರಿದು ಹಿಡಿತ ಬಿಡುತ್ತದೆ. ಪೆಟ್ಟು ಹಾಕುವಾಗ ಪುಲ್ಲಿಯ ಇನ್ನೊಂದು ಬದಿ ಗಟ್ಟಿಯಾದ ಮರದ ಮೇಲೆ ಆತಿರಲಿ, ಶಾಫ್ಟ್ ಗಾಳಿಯಲ್ಲಿ ತೂಗುತ್ತಿದ್ದರೆ ಬಗ್ಗುವ ಭಯ.

ಎರಡನೆಯ ದಾರಿ ಹೈಡ್ರಾಲಿಕ್ ಪ್ರೆಸ್. ಹತ್ತಿರದಲ್ಲಿ ಸಿಗುವುದಾದರೆ ಸುಲಭ. ಹಬ್ಬಿನ ಕೆಳಗೆ ಆಸರೆ ಕೊಟ್ಟು, ಶಾಫ್ಟನ್ನು ಒತ್ತಿ ತೆಗೆಯುವುದು. ಆಸರೆ ಅಂಚಿಗೆ ಕೊಟ್ಟರೆ ಪುಲ್ಲಿ ಒಡೆದು ಚೂರು ಹಾರುತ್ತದೆ. ಬಿಟ್ಟ ಕ್ಷಣ ರೋಟರ್ ದಬ್ಬನೆ ಕೆಳಗೆ ಬೀಳುತ್ತದೆ, ಹಿಡಿಯಲು ಯಾರಾದರೂ ಇರಬೇಕು, ಇಲ್ಲವೇ ಕೆಳಗೆ ಮೆತ್ತನೆಯ ಹಾಸು ಹಾಕಿರಬೇಕು.

ಪುಲ್ಲಿಯನ್ನು ಉಳಿಸಿಕೊಳ್ಳಲೇಬೇಕಾದವರಿಗೆ

ಇದೇ ತೊಂದರೆ ಇರುವ ಬೇರೆ ಓದುಗರೂ ಇರುತ್ತಾರೆ. ಮೂರು ನಾಲ್ಕು ಮೆಟ್ಟಿಲಿನ ಸ್ಟೆಪ್ ಪುಲ್ಲಿಗಳು ಆ ಮೆಷಿನ್‌ಗೆಂದೇ ಮಾಡಿದ್ದು, ಬದಲಿ ಸಿಗುವುದು ಕಷ್ಟ. ಅವರು ಕತ್ತರಿಸುವಂತಿಲ್ಲ.

ಅವರಿಗೆ ನನ್ನ ಮೊದಲ ಮಾತು: ಪುಲ್ಲರಿನ ಕಾಲು ಅಂಚಿಗೆ ಬೇಡ, ಹಬ್ಬಿಗೆ. ಸಣ್ಣ ಪುಲ್ಲರಿನ ಸ್ಕ್ರೂ ಕೂಡ ಟನ್ ಲೆಕ್ಕದಲ್ಲಿ ಎಳೆಯುತ್ತದೆ. ಅಂಚು ಅದನ್ನು ತಡೆಯುವುದಿಲ್ಲ. ಪುಲ್ಲಿಗೂ ಎಂಡ್ ಕವರಿಗೂ ನಡುವೆ ಜಾಗ ಕಮ್ಮಿ ಇದ್ದರೆ ಬೇರಿಂಗ್ ಸೆಪರೇಟರ್ ಬಳಸಿ. ಎರಡು ಅರ್ಧಚಂದ್ರದ ತಟ್ಟೆಗಳು ಎರಡು ಬೋಲ್ಟಿನಿಂದ ಸೇರಿ ಹಬ್ಬಿನ ಹಿಂದೆ ಕೂರುತ್ತವೆ. ಅದೂ ಇಲ್ಲದಿದ್ದರೆ ಹಬ್ಬಿನ ಮುಖದಲ್ಲಿ ಎದುರುಬದುರಾಗಿ ಎರಡು ತೂತು ಕೊರೆದು, ಥ್ರೆಡ್ ಹಾಕಿ, ಎರಡು ಉದ್ದ ಬೋಲ್ಟ್ ಮತ್ತು ಒಂದು ದಪ್ಪ ಪಟ್ಟಿಯಿಂದ ಎಳೆಯಬಹುದು. ಹಬ್ ಅಷ್ಟು ದಪ್ಪ ಇರಬೇಕು, ಅಷ್ಟೆ.

ಶಾಫ್ಟಿನ ತುದಿಯಲ್ಲಿ ಥ್ರೆಡ್ ಇರುವ ತೂತು ಇದ್ದರೆ, 24 ಮಿ.ಮೀ. ಶಾಫ್ಟಿಗೆ ಸಾಮಾನ್ಯವಾಗಿ ಎಂ8, ಅದಕ್ಕೊಂದು ಗಿಡ್ಡ ಬೋಲ್ಟ್ ಹಾಕಿ ಪುಲ್ಲರಿನ ಮೊನೆಯನ್ನು ಅದರ ತಲೆಯ ಮೇಲೆ ಇಡಿ. ಥ್ರೆಡ್ ಉಳಿಯುತ್ತದೆ. ಬಿಗಿಸಿ, ಬಿಟ್ಟುಬಿಡಿ. ಹತ್ತು ನಿಮಿಷ ಬಿಟ್ಟು ಇನ್ನು ಕಾಲು ಸುತ್ತು. ಬರಲಿಲ್ಲವಾ, ಹಬ್ಬನ್ನು ಬೇಗ ಕಾಯಿಸಿ, ಹಿಂದಿನ ಶಾಫ್ಟಿಗೆ ಒದ್ದೆ ಬಟ್ಟೆ ಸುತ್ತಿರಲಿ. ಒಂದು ಹನಿ ನೀರು ಹಬ್ ಮೇಲೆ ಬಿಟ್ಟಾಗ ಚುರ್ ಅಂತ ಕುದಿದರೆ 100 ಡಿಗ್ರಿ ದಾಟಿದೆ. ಉರಿ ತೆಗೆದು ಮೇಣದ ಬತ್ತಿಯನ್ನು ಸಂದಿಗೆ ತಾಗಿಸಿ. ಕರಗಿದ ಮೇಣ ಸಂದಿನೊಳಗೆ ಇಳಿಯುತ್ತದೆ. ಆರಲು ಬಿಟ್ಟು, ಮತ್ತೆ ಕಾಯಿಸಿ. ಒಂದೇ ಸಲದ ಅತಿ ಬಿಸಿಗಿಂತ ಎರಡು ಮೂರು ಸಲದ ಮಿತ ಬಿಸಿ ಒಳ್ಳೆಯದು. ಪುಲ್ಲರ್ ಬಿಗಿದಿರುವಾಗ ಅದರ ನೇರಕ್ಕೆ ನಿಲ್ಲಬೇಡಿ. ದಪ್ಪ ಗೋಣಿಯನ್ನು ಮೇಲೆ ಹೊದಿಸಿ. ಬಿಟ್ಟಾಗ ಅದು ಸದ್ದು ಮಾಡಿ ಹಾರುತ್ತದೆ.

ಪುಲ್ಲಿಗೆ ಆಯಸ್ಕಾಂತ ಹಿಡಿಯದಿದ್ದರೆ ಅದು ಅಲ್ಯೂಮಿನಿಯಂ ಅಥವಾ ಸತುವಿನ ಎರಕ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹೀಟ್ ಗನ್ನೇ ಸಾಕಾಗುತ್ತದೆ. ಸತುವಿನ ಎರಕ 400 ಡಿಗ್ರಿಗೂ ಮೊದಲೇ ಕರಗುತ್ತದೆ, ಅದಕ್ಕೆ ಗ್ಯಾಸ್ ಉರಿ ತೋರಿಸಲೇಬೇಡಿ. ಅವೆರಡೂ ಪುಲ್ಲರಿಗೆ ಬೀಡಿಗಿಂತ ಬೇಗ ಒಡೆಯುತ್ತವೆ.

ಪುಲ್ಲಿ ಬಂದ ಮೇಲೆ

ಶಾಫ್ಟನ್ನು ನೋಡಿ. ಗ್ರಬ್ ಸ್ಕ್ರೂ ಮಾಡಿದ ಉಬ್ಬನ್ನು ನುಣುಪು ಅರದಿಂದ ಮಟ್ಟ ಮಾಡಿ, ಎಮರಿ ಹಾಕಿ. ವರ್ನಿಯರ್‌ನಿಂದ ಎರಡು ಮೂರು ಕಡೆ ಅಳೆಯಿರಿ. ಒಂದೇ ಅಳತೆ ಬಂದರೆ ಸರಿ. ನಡುವೆ ಸವೆದು ಸೊರಗಿದ್ದರೆ ಲೇತ್ ಇರುವವರ ಹತ್ತಿರ ಒಯ್ದು ಸರಿ ಮಾಡಿಸಿ. ಸವೆದ ಶಾಫ್ಟಿಗೆ ಹೊಸ ಪುಲ್ಲಿ ಹಾಕಿದರೆ ಮತ್ತೆ ಅದೇ ಕೆಂಪು ಪುಡಿ, ಮತ್ತೆ ಅದೇ ಕಚ್ಚಾಟ. ಬೇರಿಂಗಿನ ನಂಬರ್ ಅದರ ಮೇಲೇ ಕೆತ್ತಿರುತ್ತದೆ. ಈ ಅಳತೆಯ ಮೋಟರಿಗೆ ಸಾಮಾನ್ಯವಾಗಿ 6205 ಇರುತ್ತದೆ, ಆದರೂ ನಿಮ್ಮದನ್ನೇ ಓದಿ ತನ್ನಿ. ಹೊಟ್ಟಿನ ಜಾಗದಲ್ಲಿ ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಹಾಕಿ.

ಹೊಸ ಪುಲ್ಲಿ ಹಳೆಯದರ ವ್ಯಾಸದ್ದೇ ಆಗಿರಬೇಕು. ಇದರಲ್ಲಿ ರಾಜಿ ಬೇಡ. ಮೋಟರಿನಲ್ಲಿ 150 ಮಿ.ಮೀ., ಕಟ್ಟರ್ (ಬ್ಲೇಡ್ ಹಿಡಿದು ತಿರುಗುವ ಭಾಗ) ಕಡೆ 60 ಮಿ.ಮೀ. ಪುಲ್ಲಿ ಇದ್ದರೆ, ಮೋಟರಿನ ಅದೇ 1440 ಸುತ್ತಿಗೆ ಕಟ್ಟರ್ ನಿಮಿಷಕ್ಕೆ ಸುಮಾರು 3600 ಸುತ್ತು ತಿರುಗುತ್ತದೆ. ‘ಸಿಕ್ಕಿದ್ದು ಇದೇ’ ಅಂತ 180 ಮಿ.ಮೀ. ಹಾಕಿದರೆ 4320 ಆಗುತ್ತದೆ. ವೇಗ ಏರಿದ್ದು 20 ಶೇಕಡಾ. ಆದರೆ ಬ್ಲೇಡನ್ನು ಹೊರಗೆ ಎಸೆಯುವ ಬಲ 44 ಶೇಕಡಾ ಏರುತ್ತದೆ. ಅದನ್ನು ಹಿಡಿದಿರುವುದು ಹಳೆಯ ಸ್ಕ್ರೂಗಳು, ನಿಮ್ಮ ಕೈ ಅದರ ಪಕ್ಕದಲ್ಲೇ ಇರುತ್ತದೆ. ಬೆಲ್ಟಿನ ಅಗಲವೂ ಹೊಂದಬೇಕು: ಮೇಲ್ಭಾಗ ಸುಮಾರು 13 ಮಿ.ಮೀ. ಇದ್ದರೆ ಎ ಸೆಕ್ಷನ್, 17 ಇದ್ದರೆ ಬಿ.

ಹೊಸ ಪುಲ್ಲಿ ಕೈಯಿಂದ ಒತ್ತಿದರೆ ಸರಿಯುವಷ್ಟು ಇರಬೇಕು, ಅಲ್ಲಾಡಬಾರದು. ತೆಳುವಾಗಿ ಆ್ಯಂಟಿ ಸೀಜ್ ಪೇಸ್ಟ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಇಲ್ಲವೇ ಗ್ರೀಸ್ ಸವರಿ ಹಾಕಿ. ಟೇಪರ್ ಬುಷ್ ಇದ್ದರೆ ಮಾತ್ರ ಅದರ ಓರೆ ಮುಖಕ್ಕೆ ಏನೂ ಸವರಬಾರದು, ಒಣಗಿದ್ದೇ ಹಿಡಿಯಬೇಕು. ಸ್ವಲ್ಪ ಬಿಗಿ ಅನ್ನಿಸಿದರೆ ಸುತ್ತಿಗೆ ಬೇಡ. ಶಾಫ್ಟಿನ ತುದಿಯ ತೂತಿಗೆ ಉದ್ದನೆಯ ಎಂ8 ಸ್ಟಡ್ ಹಾಕಿ, ಮೇಲೆ ದಪ್ಪ ವಾಷರ್, ನಟ್. ನಟ್ ತಿರುಗಿಸಿದ ಹಾಗೆ ಪುಲ್ಲಿ ತಾನಾಗಿ ಒಳಗೆ ಹೋಗುತ್ತದೆ, ಹೊಸ ಬೇರಿಂಗಿಗೆ ಒಂದು ಪೆಟ್ಟೂ ಬೀಳುವುದಿಲ್ಲ. ಎರಡು ಪುಲ್ಲಿಗಳ ಮುಖಕ್ಕೂ ನೇರವಾದ ಪಟ್ಟಿ ಹಿಡಿದು ಒಂದೇ ಸಾಲಿಗೆ ತನ್ನಿ. ಗ್ರಬ್ ಸ್ಕ್ರೂವಿಗೆ ಮತ್ತೆ ಬಿಚ್ಚಲು ಬರುವಂಥ ಥ್ರೆಡ್ ಲಾಕರ್ ಒಂದು ಹನಿ. ಬೆಲ್ಟಿಗೆ, ಪುಲ್ಲಿಯ ಗ್ರೂವಿಗೆ ತಗಲಿದ ಎಣ್ಣೆಯನ್ನೆಲ್ಲ ಒರೆಸಿ. ಮೊದಲ ದಿನದ ಕೆಲಸ ಮುಗಿದ ಮೇಲೆ ಕರೆಂಟ್ ತೆಗೆದು ಆ ಗ್ರಬ್ ಸ್ಕ್ರೂವನ್ನು ಇನ್ನೊಂದು ಸಲ ಬಿಗಿಸಿ ನೋಡಿ. ಹೊಸದಾಗಿ ಕೂತ ಪುಲ್ಲಿಯಲ್ಲಿ ಅದು ಒಂಚೂರು ಸಡಿಲವಾಗುವುದು ಸಾಮಾನ್ಯ.